ಸಾಲ್ ಅಂಗಡಿಯ ಸಾಲ

ಬೀದಿಯಲ್ಲಿ ಗಲಭೆ ಹುಟ್ಟಿತೆಂದು ನಮಗೆ ಮೊದಲು ತಿಳಿಸುವುದು ಅಂಗಡಿಯವರು ಸರಸರನೆ ಬಾಗಿಲೆಳೆಯುವ ಸದ್ದು. ಪೋಲೀಸರ ವ್ಯಾನು ಬರುವ ಹೊತ್ತಿಗೆ, ಪತ್ರಿಕೆಯವರು ಬರುವ ಹೊತ್ತಿಗೆ, ಮೂಲೆಯ ಬೀಡಾ ಅಂಗಡಿಯವನು ಗಾಜಿನ ಭರಣಿಗಳನ್ನು ಒಳಗಿಟ್ಟು ಬೀಗ ಹಾಕಿಯಾಗಿರುತ್ತದೆ. ಅವನಿಗೆ ರಾಜಕೀಯ ತಿಳಿದಿರಲಿ ಬಿಡಲಿ, ಗಾಜಿನ ಬೆಲೆಯಂತೂ ತಿಳಿದಿರುತ್ತದೆ. ನಿತ್ಯಜೀವನದಲ್ಲಿ ಇಷ್ಟು ಪರಿಚಿತನಾದ ಈ ಮನುಷ್ಯ ಕಥೆ ನಾಟಕಗಳಲ್ಲಿ ಮಾತ್ರ ಅಪರೂಪ. ದಂಗೆಯ ಕಥೆಗಳಲ್ಲಿ ನಾಯಕನಿರುತ್ತಾನೆ, ಹುತಾತ್ಮನಿರುತ್ತಾನೆ, ಲಾಠಿ ಹಿಡಿದ ಖಳನಿರುತ್ತಾನೆ. ಬಾಗಿಲೆಳೆದವನು ಎರಡು ವಾಕ್ಯದಲ್ಲಿ ಮುಗಿದುಹೋಗುತ್ತಾನೆ. ಅವನನ್ನು ಕರೆತಂದು ಗಲಭೆಯ ನಡುಮನೆಯಲ್ಲೇ ಕೂರಿಸಿದ ಕೃತಿಯೊಂದು ಅಮೆರಿಕದಲ್ಲಿ ಹುಟ್ಟಿದೆ. ಪುಸ್ತಕವಲ್ಲ, ಚಲನಚಿತ್ರ. ಸ್ಪೈಕ್ ಲೀ ಬರೆದು, ನಿರ್ದೇಶಿಸಿ, ಒಂದು ಮುಖ್ಯ ಪಾತ್ರವನ್ನೂ ತಾನೇ ವಹಿಸಿದ 'ಡೂ ದಿ ರೈಟ್ ಥಿಂಗ್'. ೧೯೮೯ರಲ್ಲಿ ತೆರೆಗೆ ಬಂದ ಈ ಚಿತ್ರವನ್ನು ಈಚೆಗೆ ಮತ್ತೆ ಎರಡು ಬಾರಿ ನೋಡಿದೆ. ಹಳೆಯದಾಗಿದೆ ಎನ್ನಿಸಲಿಲ್ಲ, ಹಳೆಯದಾಗಿದ್ದರೆ ಎಷ್ಟೋ ಚೆನ್ನಾಗಿತ್ತು ಎನ್ನಿಸಿತು.

ಹೆಸರನ್ನು 'ಸರಿಯಾದದ್ದನ್ನು ಮಾಡು' ಎಂದು ಕನ್ನಡಿಸಬಹುದು. ಚಿತ್ರದಲ್ಲಿ ಇದು ಒಬ್ಬ ಮುದುಕ ಕುಡುಕನ ಉಪದೇಶ. ಕೇಳಿಸಿಕೊಂಡ ಹುಡುಗ 'ಇಷ್ಟೇ ತಾನೆ?' ಎಂಬ ಮುಖ ಮಾಡಿಕೊಂಡು ತನ್ನ ಕೆಲಸಕ್ಕೆ ಓಡುತ್ತಾನೆ. ಸರಿ ಯಾವುದು, ಅದನ್ನು ಯಾರು ಗೊತ್ತುಮಾಡಬೇಕು ಎಂದು ಮುದುಕ ಹೇಳುವುದಿಲ್ಲ. ನಮ್ಮ ಅಲಂಕಾರಿಕರು ಔಚಿತ್ಯವೆಂದು ಕರೆದರಲ್ಲ, ಅದು ಕಾವ್ಯದಲ್ಲಿ ಕಷ್ಟ. ನೂರು ಡಿಗ್ರಿ ದಾಟಿದ ಬಿಸಿಲಿನಲ್ಲಿ, ಕಿರಿದಾದ ಒಂದು ಬೀದಿಯಲ್ಲಿ ಇನ್ನೂ ಕಷ್ಟ.

ಬೀದಿ ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ಬೆಡ್‌ಫರ್ಡ್-ಸ್ಟೈವೆಸಂಟ್ ಎಂಬ ಬಡಾವಣೆಯದು. ಬಹುಪಾಲು ಕಪ್ಪು ಜನ, ಒಂದಿಷ್ಟು ಪೋರ್ಟೊರಿಕೋದವರು. ವರ್ಷದಲ್ಲೇ ಅತಿ ಸೆಕೆಯ ಒಂದು ದಿನ, ಬೆಳಗಿನಿಂದ ಮರುದಿನದ ಬೆಳಗಿನವರೆಗೆ, ಅದೊಂದೇ ಬೀದಿ. ಕಾಲ-ಸ್ಥಳಗಳ ಐಕ್ಯವನ್ನು ಗ್ರೀಕರಿಂದ ಕಲಿತೆವೆಂದು ಹೇಳಿಕೊಳ್ಳುವ ನಾಟಕಕಾರರಿಗಿಂತ ಈತ ಕಟ್ಟುನಿಟ್ಟು. ಮೇಳವೂ ಇದೆ: ಕೆಂಪು ಬಣ್ಣ ಬಳಿದ ಗೋಡೆಯ ಕೆಳಗೆ ಕುರ್ಚಿ ಹಾಕಿಕೊಂಡು ಇಡೀ ದಿನ ಹರಟುವ ಮೂವರು ಸೋಮಾರಿಗಳು. ನಮ್ಮ ಊರುಗಳ ಅರಳಿಕಟ್ಟೆಯನ್ನು ಬಲ್ಲವರಿಗೆ ಈ ಮೂವರ ಪರಿಚಯ ಮಾಡಿಕೊಡಬೇಕಾಗಿಲ್ಲ. ಬೀದಿಯಲ್ಲಿ ಎರಡು ಅಂಗಡಿ. ಒಂದು ಕೊರಿಯಾದಿಂದ ಬಂದ ದಂಪತಿಗಳ ಹಣ್ಣು-ತರಕಾರಿ, ದಿನಸಿ ಅಂಗಡಿ. ಇನ್ನೊಂದು ಇಟಲಿ ಮೂಲದ ಸಾಲ್ ಎಂಬಾತನ ಪೀಟ್ಸಾ ಅಂಗಡಿ. ಇಪ್ಪತ್ತೈದು ವರ್ಷದಿಂದ ಸಾಲ್ ಬೇರೆ ಬಡಾವಣೆಯ ತನ್ನ ಮನೆಯಿಂದ ಬಂದು ಇಲ್ಲಿ ಒಲೆ ಹಚ್ಚುತ್ತಾನೆ, ಸಂಜೆ ಹಿಂದಿರುಗುತ್ತಾನೆ. ಹೆಸರು ಕನ್ನಡದ ಕಿವಿಗೆ 'ಸಾಲ' ಎಂದು ಕೇಳುತ್ತದೆ. ಇದು ಬರಿಯ ಕಾಕತಾಳೀಯವೇ ಆದರೂ ಚಿತ್ರ ನೋಡುತ್ತಾ ಹೋದಂತೆ ಈ ಶ್ಲೇಷೆ ನನ್ನ ತಲೆಯಿಂದ ಹೋಗಲಿಲ್ಲ. ಯಾರೋ ಮಾಡಿದ ಸಾಲವನ್ನು ಇನ್ನಾರೋ ತೀರಿಸುವ ಕಥೆ ಇದು.

ಸಾಲ್‌ನ ಗೋಡೆಯ ಮೇಲೆ ಹೆಸರಾಂತ ಇಟಾಲಿಯನ್-ಅಮೆರಿಕನ್ನರ ಚಿತ್ರಗಳಿವೆ. ಗಿರಾಕಿಗಳೆಲ್ಲ ಕಪ್ಪು ಜನ. ಬಗ್ಗಿನ್ ಔಟ್ ಎಂಬ ತರಳೆ ಸ್ವಭಾವದ ತರುಣನೊಬ್ಬ, ಗೋಡೆಯ ಮೇಲೆ ನಮ್ಮವರ ಪಟ ಏಕಿಲ್ಲ ಎಂದು ತಗಾದೆ ತೆಗೆಯುತ್ತಾನೆ. ಅಂಗಡಿ ನನ್ನದು, ನೀನು ಅಂಗಡಿ ಇಟ್ಟಾಗ ನಿನಗೆ ಬೇಕಾದವರ ಪಟ ಹಾಕಿಕೋ ಎಂದು ಸಾಲ್. ಎರಡೂ ವಾದ ಸರಿ. ಇಬ್ಬರೂ ಸರಿಯಾಗಿದ್ದು ಜಗಳ ಬೆಳೆಯುವುದೇ ಒಳ್ಳೆಯ ನಾಟಕದ ಲಕ್ಷಣವೆಂದು ಕೇಳಿದ್ದೇವೆ. ಆದರೆ ಅದನ್ನು ಒಂದು ತುಂಡು ಪೀಟ್ಸಾದ ಮೇಲಿನ ಗಿಣ್ಣಿನ ಚೌಕಾಸಿಯಿಂದ ಹುಟ್ಟಿಸುವುದು ಎಲ್ಲರ ಕೈಯಲ್ಲಾಗುವ ಕೆಲಸವಲ್ಲ.

ಸಾಲ್‌ನ ಪಾತ್ರವನ್ನು ಡ್ಯಾನಿ ಐಯೆಲ್ಲೊ ವಹಿಸಿದ್ದಾರೆ. ಪಾತ್ರ ಎಷ್ಟು ತುಂಬಿಕೊಂಡಿದೆಯೆಂದರೆ, ಸಾಲ್ ಜನಾಂಗದ್ವೇಷಿ ಹೌದೇ ಅಲ್ಲವೇ ಎಂಬ ವಿಷಯದಲ್ಲಿ ನಿರ್ದೇಶಕನಿಗೂ ನಟನಿಗೂ ಕೊನೆಯವರೆಗೆ ಒಮ್ಮತ ಬರಲಿಲ್ಲವಂತೆ. ನನ್ನ ಅಭಿಪ್ರಾಯ ಕೇಳುವವರಿಗೆ ನಾನು ಒಂದು ಸನ್ನಿವೇಶವನ್ನು ತೋರಿಸುತ್ತೇನೆ. ರಾತ್ರಿಯಾಗಿದೆ. ವ್ಯಾಪಾರ ಚೆನ್ನಾಗಿ ಆಗಿದೆ. ಬಾಗಿಲು ಹಾಕಿಯಾಗಿದೆ. ಸಾಲ್ ಗಲ್ಲಾದ ಬಳಿ ನಿಂತು ಖುಷಿಯಲ್ಲಿ ಮಕ್ಕಳಿಗೆ, ಇನ್ನು ಮೇಲೆ ಈ ಅಂಗಡಿಗೆ ಅಪ್ಪ-ಮಕ್ಕಳ ಹೆಸರಿಡೋಣ ಎನ್ನುತ್ತಾನೆ; ಮನೆಮನೆಗೆ ಪೀಟ್ಸಾ ಹೊತ್ತು ಕೊಡುವ ಕಪ್ಪು ಹುಡುಗ ಮೂಕಿಗೆ, ನಿನಗೂ ಇಲ್ಲಿ ಎಂದೆಂದಿಗೂ ಜಾಗವಿದೆ, ನೀನೂ ನನ್ನ ಮಗನಿದ್ದ ಹಾಗೆ ಎನ್ನುತ್ತಾನೆ. ಮೂಕಿಯ ಮುಖದಲ್ಲಿ ಸಂತೋಷವೇನೂ ಕಾಣುವುದಿಲ್ಲ. ಮಗನಿದ್ದ ಹಾಗೆ ಇರುವವನಿಗೂ ವಾರಕ್ಕೆ ಇನ್ನೂರೈವತ್ತು ಡಾಲರೇ. ಅಷ್ಟರಲ್ಲಿ ನಾಲ್ಕು ಹುಡುಗರು ಬಂದು ಬಾಗಿಲು ತಟ್ಟುತ್ತಾರೆ, ಒಂದೊಂದು ತುಂಡು ಬೇಕೆಂದು. ಮುಚ್ಚಿದೆ ಎಂದು ಕಳಿಸಿಬಿಡಬಹುದಿತ್ತು. ಸಾಲ್ ಬಿಡಿಸಿ ಒಳಗೆ ಕರೆಯುತ್ತಾನೆ. ಪಾಪ, ನನ್ನ ಅಂಗಡಿಯ ತಿಂಡಿಯೆಂದರೆ ಅವರಿಗೆ ಇಷ್ಟ ಎಂಬ ಹೆಮ್ಮೆ. ತೆರೆದ ಆ ಬಾಗಿಲಿನಿಂದಲೇ ಬಗ್ಗಿನ್ ಔಟ್ ನುಗ್ಗುತ್ತಾನೆ; ಹಿಂದೆ, ದೊಡ್ಡ ರೇಡಿಯೊವನ್ನು ತಾರಕಕ್ಕೆ ಹಾಕಿಕೊಂಡು, ರೇಡಿಯೊ ರಹೀಮ್. ಶಬ್ದ ನಿಲ್ಲಿಸೆಂದು ಸಾಲ್ ಕೂಗುತ್ತಾನೆ, ನಿಲ್ಲುವುದಿಲ್ಲ. ಬಾಯಿಂದ ಬರಬಾರದ ಬೈಗುಳ ಬರುತ್ತದೆ, ಗಲ್ಲಾದ ಕೆಳಗಿಟ್ಟಿದ್ದ ಬೇಸ್‌ಬಾಲ್ ದಾಂಡು ಹೊರಬರುತ್ತದೆ, ರೇಡಿಯೊ ಚೂರುಚೂರಾಗುತ್ತದೆ.

ಇಪ್ಪತ್ತೈದು ವರ್ಷ ಅನ್ನ ಹಾಕಿದ ಔದಾರ್ಯ ಒಂದು ಕಡೆ. ಇಪ್ಪತ್ತೈದು ವರ್ಷವೂ ನಾಲಿಗೆಯ ಹಿಂದೆ ಕಾದು ಕುಳಿತಿದ್ದ ಆ ಶಬ್ದ, ಕೈಗೆಟಕುವಲ್ಲಿ ಇಟ್ಟಿದ್ದ ಆ ದಾಂಡು ಇನ್ನೊಂದು ಕಡೆ. ಎರಡನ್ನೂ ಒಬ್ಬನೇ ಮನುಷ್ಯನಲ್ಲಿ, ಐದೇ ನಿಮಿಷದಲ್ಲಿ ತೋರಿಸಿ, ಲೆಕ್ಕ ಹಾಕಿಕೊಳ್ಳಿ ಎಂದು ನಮಗೆ ಬಿಡುತ್ತಾನೆ ಕವಿ. ಕವಿ ಎಂದೇ ಕರೆಯುತ್ತೇನೆ.

ಮುಂದಿನದು ಬೇಗ ನಡೆಯುತ್ತದೆ. ರಹೀಮ್ ಸಾಲ್‌ನ ಕತ್ತು ಹಿಡಿಯುತ್ತಾನೆ, ಹೊಡೆದಾಟ ಬೀದಿಗೆ ಬರುತ್ತದೆ, ಪೋಲೀಸರು ಬರುತ್ತಾರೆ. ಹಿಡಿದಿದ್ದನ್ನು ಬಿಡಿಸಬೇಕಾದ್ದು ಅವರ ಕರ್ತವ್ಯ, ಬಿಡಿಸುತ್ತಾರೆ. ಬಿಡಿಸಿದ ಮೇಲೂ ಒಬ್ಬ ತನ್ನ ಲಾಠಿಯನ್ನು ರಹೀಮನ ಕತ್ತಿಗೆ ಅಡ್ಡವಾಗಿ ಒತ್ತಿ ಹಿಡಿದೇ ಇರುತ್ತಾನೆ. ಸಾಕು ಎಂದು ಜೊತೆಯವನೇ ಕೂಗುತ್ತಾನೆ. ರಹೀಮನ ಪಾದಗಳು ನೆಲದಿಂದ ಮೇಲಕ್ಕೆ ಏಳುತ್ತವೆ, ಒದ್ದಾಡುತ್ತವೆ, ನಿಲ್ಲುತ್ತವೆ. ಸತ್ತವನನ್ನು ಏಳು ಎಂದು ಗದರಿಸಿ, ಒದ್ದು, ಏಳದಿದ್ದಾಗ ಕಾರಿನೊಳಗೆ ತುರುಕಿಕೊಂಡು ಪೋಲೀಸರು ಹೊರಟುಹೋಗುತ್ತಾರೆ.

ಇದು ಕಲ್ಪನೆಯೆಂದು ನ್ಯೂಯಾರ್ಕಿನ ಪ್ರೇಕ್ಷಕರು ಯಾರೂ ತಿಳಿಯಲಿಲ್ಲ. ೧೯೮೩ರಲ್ಲಿ ನೆಲದಡಿಯ ರೈಲುನಿಲ್ದಾಣವೊಂದರಲ್ಲಿ ಗೋಡೆಯ ಮೇಲೆ ಗೀಚಿದನೆಂಬ ಆಪಾದನೆಗಾಗಿ ಪೋಲೀಸರು ಹಿಡಿದ ಮೈಕಲ್ ಸ್ಟೂವರ್ಟ್ ಎಂಬ ತರುಣ ಆಸ್ಪತ್ರೆಯಲ್ಲಿ ಪ್ರಜ್ಞೆ ಮರಳದೆ ಸತ್ತಿದ್ದ. ವಿಚಾರಣೆಗೆ ನಿಂತ ಆರು ಜನ ಪೋಲೀಸರೂ ೧೯೮೫ರಲ್ಲಿ ನಿರ್ದೋಷಿಗಳೆಂದು ಹೊರಬಂದಿದ್ದರು. ೧೯೮೪ರಲ್ಲಿ ಬಾಡಿಗೆ ಬಾಕಿಗಾಗಿ ಮನೆ ಬಿಡಿಸಲು ಹೋದ ಪೋಲೀಸರು ಎಲೆನರ್ ಬಂಪರ್ಸ್ ಎಂಬ ವೃದ್ಧೆಯನ್ನು ಗುಂಡಿಟ್ಟು ಕೊಂದಿದ್ದರು. ೧೯೮೬ರ ಡಿಸೆಂಬರಿನಲ್ಲಿ ಹೌವರ್ಡ್ ಬೀಚ್ ಎಂಬಲ್ಲಿ, ಪೀಟ್ಸಾ ಅಂಗಡಿಯೊಂದರಿಂದ ಹೊರಬಂದ ಮೈಕಲ್ ಗ್ರಿಫಿತ್ತನನ್ನು ಬಿಳಿಯ ಹುಡುಗರ ಗುಂಪೊಂದು ಅಟ್ಟಿಸಿಕೊಂಡು ಹೋಗಿ, ಆತ ಹೆದ್ದಾರಿಯಲ್ಲಿ ಕಾರಿಗೆ ಸಿಕ್ಕಿ ಸತ್ತಿದ್ದ. ಚಿತ್ರವನ್ನು ಅರ್ಪಿಸಿರುವುದು ಇಂಥವರ ಕುಟುಂಬಗಳಿಗೆ. ರಹೀಮ್ ಸತ್ತಾಗ ಗುಂಪಿನಲ್ಲಿದ್ದವರು ಈ ಹೆಸರುಗಳನ್ನೇ ಕೂಗುತ್ತಾರೆ. ಸಿಟ್ಟು ಆ ರಾತ್ರಿಯದಲ್ಲ, ಬಾಕಿ ಉಳಿದು ಬಡ್ಡಿ ಬೆಳೆದದ್ದು ಎಂಬುದನ್ನು ಇದಕ್ಕಿಂತ ಕಡಿಮೆ ಮಾತಿನಲ್ಲಿ ಹೇಳುವುದು ಸಾಧ್ಯವಿಲ್ಲ.

ಪೋಲೀಸರ ಕಾರು ಹೋದ ಮೇಲೆ ಬೀದಿಯಲ್ಲಿ ಉಳಿದವರು ಯಾರು? ಒಂದು ಕಡೆ ಬೀದಿಯ ಜನ, ಇನ್ನೊಂದು ಕಡೆ ಸಾಲ್, ಅವನ ಇಬ್ಬರು ಮಕ್ಕಳು, ಹಿಂದೆ ಅಂಗಡಿ. ಕೊಂದವನು ಹೊರಟುಹೋದ; ಅವನ ವಿಳಾಸ ಯಾರಿಗೂ ಗೊತ್ತಿಲ್ಲ, ಹೆಸರು ಗೊತ್ತಿದ್ದರೂ ಉಪಯೋಗವಿಲ್ಲ. ಅಂಗಡಿಗೆ ಚಕ್ರವಿಲ್ಲ, ಅದಕ್ಕೆ ಬೋರ್ಡಿದೆ, ವಿಳಾಸವಿದೆ. ಇಡೀ ಚಿತ್ರದ ತಿರುಳು ನನಗೆ ಈ ಅರ್ಧ ನಿಮಿಷದಲ್ಲಿ ಕಾಣುತ್ತದೆ. ಪೋಲೀಸರು ಸಾಲ್‌ನನ್ನು ಕಾಪಾಡಲೆಂದು ಬಂದರು, ಕೈಮೀರಿದರು, ಆ ಕೃತ್ಯದ ಲೆಕ್ಕವನ್ನು ಅವನ ಹೆಸರಿಗೆ ಬರೆದು ಅವನನ್ನು ಒಬ್ಬನೇ ಬಿಟ್ಟು ಹೋದರು.

ಆಗ ಮೂಕಿ, ಆ ಸಂಬಳದ ಹುಡುಗ, ಕಸದ ಡಬ್ಬಿಯನ್ನೆತ್ತಿ ಅಂಗಡಿಯ ಕಿಟಕಿಗೆ ಎಸೆಯುತ್ತಾನೆ. ಗಾಜು ಒಡೆಯುತ್ತದೆ, ಜನ ನುಗ್ಗುತ್ತಾರೆ, ಬೆಂಕಿ ಬೀಳುತ್ತದೆ. ಬೆಳಗಿನಿಂದ ಕಿಟಕಿಯಲ್ಲಿ ಕುಳಿತು ಬೀದಿಯ ಹುಡುಗರ ನಡತೆ ತಿದ್ದುತ್ತಿದ್ದ ಅಜ್ಜಿಯೇ 'ಸುಡಿ' ಎಂದು ಕೂಗುತ್ತಾಳೆ. ಸ್ವಲ್ಪ ಹೊತ್ತಿಗೆ ಅವಳೇ ಎದೆ ಬಿರಿಯುವಂತೆ ಅಳುತ್ತಾಳೆ. ಮೂಕಿ ಮಾಡಿದ್ದು ಸರಿಯೇ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಈ ಪ್ರಶ್ನೆಯನ್ನು ತನ್ನನ್ನು ಕೇಳಿದವರೆಲ್ಲ ಬಿಳಿಯರೇ, ಕಪ್ಪು ಪ್ರೇಕ್ಷಕನೊಬ್ಬನೂ ಕೇಳಿಲ್ಲ ಎಂದು ಸ್ಪೈಕ್ ಲೀ ಹಲವು ಸಲ ಹೇಳಿದ್ದಾರೆ. ಜನರ ಕೋಪವನ್ನು ಸಾಲ್‌ನ ತಲೆಯಿಂದ ಅಂಗಡಿಯ ಗಾಜಿನ ಕಡೆಗೆ ತಿರುಗಿಸಿ ಮೂಕಿ ಅವನ ಜೀವ ಉಳಿಸಿದ ಎಂದು ಜಾಣರಾದ ವಿಮರ್ಶಕರು ಕೆಲವರು ವಾದಿಸುತ್ತಾರೆ. ವಾದ ಸೊಗಸಾಗಿದೆ, ಆದರೆ ಪಾತ್ರಕ್ಕೆ ಒಗ್ಗುವುದಿಲ್ಲ. ಡಬ್ಬಿ ಎತ್ತುವ ಮೊದಲು ಮೂಕಿ ಮುಖವನ್ನು ಎರಡೂ ಕೈಯಿಂದ ಒರೆಸಿಕೊಳ್ಳುತ್ತಾನೆ. ಅದು ಉಪಾಯ ಹೂಡುವವನ ಚಹರೆಯಲ್ಲ. ಬೆಳಗಿನಿಂದ ಎರಡು ಕಡೆಯವರಿಗೂ ಸಮಾಧಾನ ಹೇಳಿ ಹೇಳಿ ಬೇಸತ್ತವನು, ಗೆಳೆಯನ ಹೆಣವನ್ನು ಕಂಡವನು, ಒಂದು ಕಡೆಗೆ ಸೇರಿದ. ಅಷ್ಟೆ. ಅದರಿಂದ ಸಾಲ್‌ನ ಜೀವ ಉಳಿದಿದ್ದರೆ ಅದು ಕಥೆಯ ಪುಣ್ಯ.

ಚಿತ್ರ ಬಿಡುಗಡೆಯಾದಾಗ ಅಮೆರಿಕದ ಕೆಲವು ಹೆಸರಾಂತ ಲೇಖಕರು, ಇದನ್ನು ನೋಡಿದ ಕಪ್ಪು ಹುಡುಗರು ಚಿತ್ರಮಂದಿರದಿಂದ ಹೊರಬಂದು ದಂಗೆಯೇಳುತ್ತಾರೆಂದು ಹೆದರಿ ಬರೆದರು. ಯಾರೂ ಏಳಲಿಲ್ಲ. ಆ ಬರಹಗಳಲ್ಲಿ ಎದ್ದು ಕಾಣುವ ಸಂಗತಿ ಇನ್ನೊಂದು: ಸುಟ್ಟ ಅಂಗಡಿಯ ಮಾತು ಬಹಳ, ಸತ್ತ ಹುಡುಗನ ಮಾತು ಕಡಿಮೆ. ಸ್ಪೈಕ್ ಲೀ ಇದನ್ನು ಮೊದಲೇ ಊಹಿಸಿದ್ದರೋ ಏನೋ, ಚಿತ್ರದ ಕೊನೆಯ ಬೆಳಗ್ಗೆ ಬಾನುಲಿಯಲ್ಲಿ ಒಂದು ಸುದ್ದಿ ಬರುತ್ತದೆ. ನಗರಪಿತ ಮೇಯರು ತನಿಖೆಗಾಗಿ ಗಣ್ಯರ ಸಮಿತಿಯೊಂದನ್ನು ನೇಮಿಸಲಿದ್ದಾರೆ. ಆಸ್ತಿಪಾಸ್ತಿಯ ನಾಶವನ್ನು ನಗರ ಯಾರಿಂದಲೂ ಸಹಿಸದು ಎಂದಿದ್ದಾರೆ. ಹೆಣದ ಪ್ರಸ್ತಾಪ ಆ ಸುದ್ದಿಯಲ್ಲಿಲ್ಲ.

ಇದು ವ್ಯಂಗ್ಯಕ್ಕಾಗಿ ಹೊಸೆದದ್ದೆಂದು ತಿಳಿಯಬಾರದು. ೧೯೬೬ರಲ್ಲಿ ನ್ಯೂಯಾರ್ಕಿನ ಮೇಯರ್ ಜಾನ್ ಲಿಂಡ್ಸೆ ಪೋಲೀಸರ ಮೇಲಿನ ದೂರುಗಳನ್ನು ಪರಿಶೀಲಿಸುವ ಮಂಡಲಿಯಲ್ಲಿ ಪೋಲೀಸರಲ್ಲದ ನಾಗರಿಕರಿಗೆ ಬಹುಮತ ಕೊಟ್ಟರು. ಪೋಲೀಸರ ಸಂಘ ಇದನ್ನು ಜನಮತಗಣನೆಗೆ ತಂದಿತು. ಅವರ ಪ್ರಚಾರದ ಜಾಹೀರಾತೊಂದರಲ್ಲಿ ಅಚ್ಚಾಗಿದ್ದ ಚಿತ್ರ ಗಲಭೆಯಲ್ಲಿ ಒಡೆದುಹೋದ ಅಂಗಡಿಸಾಲಿನದು: ನಾಗರಿಕರ ಮಂಡಲಿಯಿದ್ದ ಊರಿನ ಗತಿ ಇದು, ನೋಡಿ ಎಂಬ ಅರ್ಥದ್ದು. ಮತದಾರರು ದೊಡ್ಡ ಬಹುಮತದಿಂದ ಮಂಡಲಿಯನ್ನು ಕಿತ್ತೆಸೆದರು. ಪೋಲೀಸರಿಂದ ಪೂರ್ತಿ ಬೇರೆಯಾದ ನಾಗರಿಕ ಮಂಡಲಿ ಆ ನಗರಕ್ಕೆ ಬಂದದ್ದು ೧೯೯೩ರಲ್ಲಿ, ಈ ಚಿತ್ರ ಬಂದು ನಾಲ್ಕು ವರ್ಷವಾದ ಮೇಲೆ. ಹೀಗೆ ಚಿಲ್ಲರೆ ವ್ಯಾಪಾರಿಯ ಒಡೆದ ಗಾಜನ್ನು ಮುಂದೆ ಹಿಡಿದು, ಪೋಲೀಸರು ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲವೆಂದು ವಾದಿಸುವುದು ಹಳೆಯ ವರಸೆ. ಲೆಕ್ಕ ಒಪ್ಪಿಸದ್ದರಿಂದಲೇ ಗಾಜು ಒಡೆಯಿತಲ್ಲ ಎಂದು ಗಾಜಿನ ಒಡೆಯನಾದರೂ ಕೇಳಬೇಕಾಗಿತ್ತು. ೧೯೬೭ರ ಗಲಭೆಗಳ ಮೇಲೆ ಅಧ್ಯಕ್ಷ ಜಾನ್ಸನ್ನರು ನೇಮಿಸಿದ ಕರ್ನರ್ ಆಯೋಗ ಮರುವರ್ಷ ಕೊಟ್ಟ ವರದಿಯಲ್ಲಿ, ಬಡಾವಣೆಗಳ ಜನ ಹೇಳಿಕೊಂಡ ದೂರುಗಳಲ್ಲಿ ಪೋಲೀಸರ ನಡತೆಗೆ ಮೊದಲ ಸಾಲಿನ ಸ್ಥಾನವಿದೆ. ಅದೇ ವರದಿ ಅಂಗಡಿಕಾರರನ್ನೂ ಸುಮ್ಮನೆ ಬಿಟ್ಟಿಲ್ಲ. ಬಡವರಿಗೆ ಹೆಚ್ಚಿನ ಬೆಲೆಗೆ ಕಳಪೆ ಸರಕು, ಕಂತಿನ ಸಾಲದ ಮೋಸ, ಇವುಗಳೂ ಪಟ್ಟಿಯಲ್ಲಿವೆ. (ನಮ್ಮಲ್ಲಿ ಪೋಲೀಸರ ಮೇಲಿನ ದೂರಿಗಾಗಿಯೇ ಪ್ರಾಧಿಕಾರಗಳನ್ನು ರಚಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ ರಾಜ್ಯಗಳಿಗೆ ನಿರ್ದೇಶಿಸಿದ್ದು ೨೦೦೬ರಲ್ಲಿ. ವಾಚಕರಲ್ಲಿ ಎಷ್ಟು ಜನಕ್ಕೆ ಅವುಗಳ ಕಚೇರಿ ಎಲ್ಲಿದೆಯೆಂದು ಗೊತ್ತು?)

ಕೊರಿಯಾದ ಅಂಗಡಿಯ ವಿಷಯಕ್ಕೆ ಬರುತ್ತೇನೆ. ಸಾಲ್‌ನ ಅಂಗಡಿ ಉರಿಯುತ್ತಿರುವಾಗ ಗುಂಪು ಬೀದಿಯಾಚೆ ತಿರುಗುತ್ತದೆ. ಆ ಅಂಗಡಿಯವನು ಪೊರಕೆ ಬೀಸುತ್ತಾ, ನಾನೂ ಕಪ್ಪು, ನಾನೂ ನೀವೂ ಒಂದೇ ಎಂದು ಹರಕುಮುರುಕು ಭಾಷೆಯಲ್ಲಿ ಅರಚುತ್ತಾನೆ. ಒಂದು ಕ್ಷಣದ ಮೌನ, ಆಮೇಲೆ ನಗು, ಗುಂಪು ಅವನನ್ನು ಬಿಡುತ್ತದೆ. ನೋಡುವವರಿಗೂ ನಗು ಬರುತ್ತದೆ. ಮೂರು ವರ್ಷದ ಮೇಲೆ ಲಾಸ್ ಏಂಜಲೀಸಿನಲ್ಲಿ ಯಾರೂ ನಗಲಿಲ್ಲ. ರಾಡ್ನಿ ಕಿಂಗ್‌ನನ್ನು ಹೊಡೆದ ನಾಲ್ವರು ಪೋಲೀಸರನ್ನು ನ್ಯಾಯದರ್ಶಿಗಳು ೧೯೯೨ರ ಏಪ್ರಿಲ್ ೨೯ರಂದು ಬಿಟ್ಟರು. ಹೊಡೆದದ್ದು ವೀಡಿಯೊದಲ್ಲಿ ಇಡೀ ಲೋಕ ಕಂಡ ಸಂಗತಿ. ಅದಕ್ಕೂ ಮೊದಲೇ, ಕಿತ್ತಳೆ ರಸದ ಒಂದು ಬಾಟಲಿಯ ಜಗಳದಲ್ಲಿ ಹದಿನೈದು ವರ್ಷದ ಕಪ್ಪು ಹುಡುಗಿಯನ್ನು ಗುಂಡಿಟ್ಟು ಕೊಂದ ಕೊರಿಯನ್ ಅಂಗಡಿಯಾಕೆಗೆ ಒಂದು ದಿನದ ಸೆರೆಮನೆಯನ್ನೂ ವಿಧಿಸದೆ ನ್ಯಾಯಾಲಯ ಮನೆಗೆ ಕಳಿಸಿತ್ತು. ಕೆಲವೇ ದಿನದಲ್ಲಿ ಅರುವತ್ತಕ್ಕೂ ಹೆಚ್ಚು ಜನ ಸತ್ತರು. ಕೊರಿಯಾದವರ ಎರಡು ಸಾವಿರಕ್ಕೂ ಮಿಕ್ಕಿದ ಅಂಗಡಿಗಳು ಲೂಟಿಯಾದವು, ಸುಟ್ಟವು. ಪೋಲೀಸರು ಗಲಭೆ ಹುಟ್ಟಿದ ಚೌಕದಿಂದ ಹಿಂದೆ ಸರಿದಿದ್ದರು. ಅಂಗಡಿಕಾರರು ಬಂದೂಕು ಹಿಡಿದು ಮಾಳಿಗೆಯೇರಿದರು. 'ಕಪ್ಪುಜನರ ಒಡೆತನದ್ದು' ಎಂದು ಬರೆದು ಬಾಗಿಲಿಗೆ ಅಂಟಿಸಿದ ಅಂಗಡಿಗಳು ಎಷ್ಟೋ. ಸ್ಪೈಕ್ ಲೀ ತೋರಿಸಿದ ಪೊರಕೆಯವನ ಕೂಗು ಬೋರ್ಡಾಗಿ ಬಂದಿತ್ತು. ನಮಗೂ ಇದು ಹೊಸತಲ್ಲ. ೨೦೧೬ರ ಸೆಪ್ಟೆಂಬರ್ ೧೨ರಂದು ಕಾವೇರಿಯ ನೀರಿಗಾಗಿ ಬೆಂಗಳೂರು ಹೊತ್ತಿಕೊಂಡು, ಒಂದೇ ಡಿಪೋದಲ್ಲಿ ಹತ್ತಾರು ಬಸ್ಸುಗಳು ಬೂದಿಯಾದ ದಿನ, ಹಿಂದೆಂದೂ ಕಾಣದಿದ್ದ ಎಷ್ಟೋ ಬಾಗಿಲುಗಳ ಮೇಲೆ ಹಳದಿ-ಕೆಂಪು ಬಾವುಟ ಕಂಡವು. ಅಭಿಮಾನವೆಷ್ಟು, ಗಾಜಿನ ವಿಮೆಯೆಷ್ಟು ಎಂದು ವಿಂಗಡಿಸುವುದು ಕಷ್ಟ.

೨೦೨೦ರ ಮೇ ೨೫ರಂದು ಮಿನಿಯಾಪೊಲಿಸ್ ನಗರದಲ್ಲಿ ನಡೆದದ್ದನ್ನು ತಿಳಿದಮೇಲೆ ಈ ಚಿತ್ರವನ್ನು ನೋಡುವವರಿಗೆ ಅಂಗಡಿಯ ಸಂಬಳದ ಹುಡುಗನ ಪಾತ್ರ ಬೇರೆಯೇ ಆಗಿ ಕಾಣುತ್ತದೆ. ಅಲ್ಲಿಯೂ ಆರಂಭ ಮೂಲೆಯಂಗಡಿಯಲ್ಲಿ. ಜಾರ್ಜ್ ಫ್ಲಾಯ್ಡ್ ಸಿಗರೇಟು ಕೊಂಡು ಕೊಟ್ಟ ಇಪ್ಪತ್ತು ಡಾಲರಿನ ನೋಟು ಖೋಟಾ ಎಂದು ಗಲ್ಲಾದ ಹುಡುಗನಿಗೆ ಅನುಮಾನ ಬಂತು. ಖೋಟಾ ನೋಟು ತೆಗೆದುಕೊಂಡವನ ಸಂಬಳದಿಂದಲೇ ಅದನ್ನು ಮುರಿದುಕೊಳ್ಳುವುದು ಆ ಅಂಗಡಿಯ ಪದ್ಧತಿ. ಹೋಗಲಿ, ನಾನೇ ಕಟ್ಟಿಕೊಡುತ್ತೇನೆಂದು ಒಮ್ಮೆ ಅವನಿಗೆ ಅನ್ನಿಸಿತಂತೆ. ಆಮೇಲೆ ಮೇಲಿನವರಿಗೆ ಹೇಳಿದ. ಪೋಲೀಸರಿಗೆ ಕರೆ ಹೋಯಿತು. ಒಂಬತ್ತು ನಿಮಿಷಕ್ಕೂ ಮಿಕ್ಕಿ ಒಬ್ಬ ಪೋಲೀಸಿನವನ ಮೊಣಕಾಲು ಫ್ಲಾಯ್ಡನ ಕತ್ತಿನ ಮೇಲಿತ್ತು. ಮರುವರ್ಷ ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವಾಗ ಆ ಹುಡುಗ, ನೋಟನ್ನು ತೆಗೆದುಕೊಳ್ಳದೆಯೇ ಇದ್ದಿದ್ದರೆ ಇದು ತಪ್ಪುತ್ತಿತ್ತೆಂದು ನೊಂದುಕೊಂಡ. ಇಪ್ಪತ್ತು ಡಾಲರಿಗೆ ಹುಡುಗನೂ ಅಂಗಡಿಯೂ ಲೆಕ್ಕ ಕೊಡಬೇಕು, ಕೊಡುತ್ತಾರೆ. ಅಂಗಡಿಯ ಲೆಕ್ಕದ ಪುಸ್ತಕ ಅಷ್ಟು ಕಟ್ಟುನಿಟ್ಟು. ಲಾಠಿಯ ಲೆಕ್ಕದ ಪುಸ್ತಕವನ್ನು ಬರೆಯುವವರು ಯಾರು, ತಪಾಸಣೆ ಮಾಡುವವರು ಯಾರು? ಈ ಪ್ರಕರಣದಲ್ಲಿ ಪೋಲೀಸಿನವನಿಗೆ ೨೦೨೧ರಲ್ಲಿ ಇಪ್ಪತ್ತೆರಡೂವರೆ ವರ್ಷದ ಶಿಕ್ಷೆಯಾಯಿತು. ೨೦೧೪ರಲ್ಲಿ ನ್ಯೂಯಾರ್ಕಿನ ಎರಿಕ್ ಗಾರ್ನರ್ ಬಿಡಿ ಸಿಗರೇಟು ಮಾರಿದನೆಂಬ ಅನುಮಾನಕ್ಕೆ ಸಿಕ್ಕಿ, ಪೋಲೀಸರ ನಿಯಮಾವಳಿಯೇ ೧೯೯೩ರಿಂದ ನಿಷೇಧಿಸಿದ್ದ ಕತ್ತಿನ ಪಟ್ಟಿನಲ್ಲಿ ಸತ್ತಾಗ ಮೊಕದ್ದಮೆಯೇ ಹೂಡಲಿಲ್ಲ. ಕೆಲಸದಿಂದ ತೆಗೆಯುವುದಕ್ಕೇ ಐದು ವರ್ಷ ಹಿಡಿಯಿತು. ಗಾರ್ನರ್ ಕುಟುಂಬಕ್ಕೆ ೫೯ ಲಕ್ಷ ಡಾಲರು, ಫ್ಲಾಯ್ಡ್ ಕುಟುಂಬಕ್ಕೆ ೨ ಕೋಟಿ ೭೦ ಲಕ್ಷ ಡಾಲರು ಕೊಟ್ಟದ್ದು ನಗರದ ಬೊಕ್ಕಸ. ಎಂದರೆ ತೆರಿಗೆ ಕಟ್ಟುವ ಅಂಗಡಿಯವರೂ ಸೇರಿದ ಜನ. ಸ್ಪೈಕ್ ಲೀ ಆ ಬಳಿಕ ರಹೀಮ್, ಗಾರ್ನರ್, ಫ್ಲಾಯ್ಡ್ ಮೂವರ ಸಾವಿನ ದೃಶ್ಯಗಳನ್ನು ಒಂದರ ಪಕ್ಕ ಒಂದು ಜೋಡಿಸಿ ಪುಟ್ಟ ಚಿತ್ರವೊಂದನ್ನು ಮಾಡಿದರು. ಮೊದಲನೆಯದು ನಟನೆ, ಉಳಿದೆರಡು ನಿಜವೆಂಬುದನ್ನು ಗೊತ್ತಿಲ್ಲದವರು ಬೇರೆಮಾಡಿ ಹೇಳಲಾರರು.

ಮಿನಿಯಾಪೊಲಿಸಿನಲ್ಲಿ ಮೇ ೨೮ರ ರಾತ್ರಿ ಪೋಲೀಸರು ತಮ್ಮ ಮೂರನೆಯ ಠಾಣೆಯನ್ನೇ ಬಿಟ್ಟು ಹೋದರು, ಠಾಣೆ ಉರಿಯಿತು, ಸುತ್ತಲ ಲೇಕ್ ಸ್ಟ್ರೀಟಿನ ಅಂಗಡಿಗಳು ಉರಿದವು. ಅವುಗಳಲ್ಲಿ 'ಗಾಂಧಿ ಮಹಲ್' ಎಂಬ ಹೋಟೆಲೂ ಒಂದು. ಅದರ ಒಡೆಯ ಬಾಂಗ್ಲಾದೇಶದಿಂದ ಬಂದವರು. ಕಟ್ಟಡ ಸುಟ್ಟರೆ ಸುಡಲಿ, ನ್ಯಾಯ ಸಿಗಲಿ ಎಂದು ಅವರಾಡಿದ ಮಾತು ಲೋಕವನ್ನೆಲ್ಲ ಸುತ್ತಿತು. ದೊಡ್ಡ ಮಾತು, ತಲೆಬಾಗುತ್ತೇನೆ. ಆದರೆ ಇದನ್ನೇ ಮಾದರಿಯಾಗಿಟ್ಟುಕೊಂಡು, ಉಳಿದ ಅಂಗಡಿಕಾರರೂ ಹೀಗೆಯೇ ಹೇಳಬೇಕೆಂದು ಅಪೇಕ್ಷಿಸುವ ದೂರದ ಸಜ್ಜನರನ್ನು ಕಂಡರೆ ನನಗೆ ಕೋಪ ಬರುತ್ತದೆ. ತ್ಯಾಗ ಮಾಡಿದವನು ಹೇಳಬಹುದಾದ್ದನ್ನು ಪ್ರೇಕ್ಷಕ ಹೇಳಬಾರದು. ಅದೇ ಊರಿನಲ್ಲಿ ಸುಟ್ಟ ಕಟ್ಟಡದ ಅವಶೇಷ ಕೆಡವಲು ಪರವಾನಗಿ ಬೇಕೆಂದರೆ ವರ್ಷದ ಉಳಿದರ್ಧದ ಆಸ್ತಿ ತೆರಿಗೆಯನ್ನು ಮುಂಗಡ ಕಟ್ಟಿ ಎಂದಿತು ನಗರಸಭೆಯ ನಿಯಮ. ಗೋಡೆ ಇಲ್ಲದ ಅಂಗಡಿಗೆ ತೆರಿಗೆ! ಮಣ್ಣು-ಇಟ್ಟಿಗೆ ಸಾಗಿಸಲು ವಿಮೆಯವರು ಕೊಡುವ ಹಣ ನಿಜವಾದ ಖರ್ಚಿನ ಒಂದು ಮೂಲೆಗೆ ಸಾಲದೆ ಎಷ್ಟೋ ಜನ ಕೈಚೆಲ್ಲಿದರು. ೧೯೬೦ರ ದಶಕದ ಗಲಭೆಗಳ ಪರಿಣಾಮವನ್ನು ಅಳೆದ ಅರ್ಥಶಾಸ್ತ್ರಜ್ಞರಾದ ಕಾಲಿನ್ಸ್ ಮತ್ತು ಮಾರ್ಗೊ ಕಂಡುಕೊಂಡದ್ದು ಇದು: ಗಲಭೆ ತೀವ್ರವಾಗಿದ್ದ ಊರುಗಳಲ್ಲಿ ಕಪ್ಪು ಜನರ ಸ್ವಂತ ಮನೆಗಳ ಬೆಲೆಯೇ ಕುಸಿಯಿತು, ಮುಂದಿನ ಹತ್ತು ವರ್ಷದಲ್ಲೂ ಹೆಚ್ಚು ಚೇತರಿಸಿಕೊಳ್ಳಲಿಲ್ಲ. ಬೀದಿಯ ಒಂದು ಅಂಗಡಿ ಹೋದರೆ ಸಾಲ್ ತನ್ನ ಮನೆಗೆ ಹೋಗುತ್ತಾನೆ. ಬೀದಿಯವರು ಅಲ್ಲೇ ಇರಬೇಕು.

ಚಿತ್ರದ ದೋಷಗಳನ್ನು ಹೇಳದಿದ್ದರೆ ಇದು ವಿಮರ್ಶೆಯಾಗುವುದಿಲ್ಲ. ಹೆಣ್ಣು ಪಾತ್ರಗಳಿಗೆ ಮಾಡಲು ಕೆಲಸವಿಲ್ಲ. ಮೂಕಿಯ ಮಗುವಿನ ತಾಯಿ ಬೈಯುವುದಕ್ಕಷ್ಟೇ ಬರುತ್ತಾಳೆ. ಅದಕ್ಕಿಂತ ದೊಡ್ಡ ಕೊರತೆ ರಹೀಮನದು. ಸಾಲ್‌ನ ಅಂಗಡಿಯಲ್ಲಿ ನಾವು ದಿನವಿಡೀ ಕಳೆಯುತ್ತೇವೆ, ಅದರ ಒಲೆಯ ಬಿಸಿ ನಮಗೆ ತಾಕುತ್ತದೆ. ರಹೀಮನಿಗೆ ಮನೆಯನ್ನು ತೋರಿಸಿಲ್ಲ, ತಾಯಿಯನ್ನು ತೋರಿಸಿಲ್ಲ. ಎತ್ತರದ ದೇಹ, ಎರಡು ಕೈಗೆ ಹಿತ್ತಾಳೆಯ ಉಂಗುರ, ಒಂದು ರೇಡಿಯೊ, ಅದಕ್ಕೆ ಇಪ್ಪತ್ತು ಬ್ಯಾಟರಿ. ಸುಟ್ಟ ಅಂಗಡಿಗಾಗಿ ಮರುಗಿ ಸತ್ತ ಹುಡುಗನನ್ನು ಮರೆತರೆಂದು ಪ್ರೇಕ್ಷಕರನ್ನು ದೂರುವ ನಿರ್ದೇಶಕ, ತನ್ನ ಪಾತ್ರಪೋಷಣೆಯಲ್ಲಿ ತಾನೇ ಅಂಗಡಿಗೆ ಹೆಚ್ಚು ತೂಕ ಹಾಕಿದ್ದಾನೆ. ಬೇಕೆಂದೇ ಹಾಗೆ ಮಾಡಿ ನಮ್ಮನ್ನು ಪರೀಕ್ಷಿಸಿದ್ದಾನೆ ಎನ್ನುವವರಿದ್ದಾರೆ. ಇರಬಹುದು. ನನಗೆ ಪೂರ್ತಿ ನಂಬಿಕೆ ಬಂದಿಲ್ಲ.

ಪೋಲೀಸರ ಚಿತ್ರಣವೂ ತೆಳು. ಒಮ್ಮೆ ಕಾರಿನಿಂದ ಬೀದಿಯವರನ್ನು ದುರುಗುಟ್ಟಿ ನೋಡುತ್ತಾರೆ, ಒಮ್ಮೆ ಬೀದಿಯ ನೀರಿನ ಕೊಳಾಯಿ ಮುಚ್ಚಿಸುತ್ತಾರೆ, ಕೊನೆಗೆ ಕೊಲ್ಲುತ್ತಾರೆ. ಇಲ್ಲಿ ನನಗೆ ನಮ್ಮ ಶೂದ್ರಕ ನೆನಪಾಗುತ್ತಾನೆ. ಮೃಚ್ಛಕಟಿಕದಲ್ಲಿ ಊರಿದೆ, ವ್ಯಾಪಾರವಿದೆ, ಸೆರೆಮನೆಯಿಂದ ತಪ್ಪಿಸಿಕೊಂಡ ಬಂಡಾಯಗಾರನಿದ್ದಾನೆ. ಅವನನ್ನು ಹುಡುಕುವ ಇಬ್ಬರು ಕಾವಲುಗಾರರಿದ್ದಾರೆ, ವೀರಕ ಮತ್ತು ಚಂದನಕ. ಗಾಡಿಯೊಳಗೆ ಬಂಡಾಯಗಾರನನ್ನು ಕಂಡ ಚಂದನಕ ಅವನಿಗೆ ಅಭಯ ಕೊಟ್ಟುಬಿಡುತ್ತಾನೆ, ಜೊತೆಯವನ ಕಣ್ಣು ತಪ್ಪಿಸಲು ಕರ್ಣಾಟಕದವರ ರೀತಿಯ ಜಗಳ ಹೂಡುತ್ತೇನೆಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾನೆ (ನಮ್ಮ ಖ್ಯಾತಿ ಅಷ್ಟು ಹಳೆಯದು!). ಇಬ್ಬರೂ ಒಬ್ಬರ ಜಾತಿಯನ್ನೊಬ್ಬರು ಆಡಿಕೊಳ್ಳುತ್ತಾರೆ, ಒದೆ ಬೀಳುತ್ತದೆ, ಒದೆಸಿಕೊಂಡವನು ನ್ಯಾಯಸ್ಥಾನಕ್ಕೆ ದೂರು ಒಯ್ಯುತ್ತಾನೆ. ಆಯುಧ ಹಿಡಿದವನಿಗೂ ಹೆಸರು, ಕುಲ, ಅಂಜಿಕೆ, ಆತ್ಮಸಾಕ್ಷಿ ಇವೆಯೆಂದು ಶೂದ್ರಕನಿಗೆ ಗೊತ್ತಿತ್ತು. ಸ್ಪೈಕ್ ಲೀಯ ಚಿತ್ರದಲ್ಲಿ 'ಸಾಕು, ಬಿಡು' ಎಂದು ಕೂಗುವ ಆ ಎರಡನೆಯ ಪೋಲೀಸಿನವನಲ್ಲಿ ಒಬ್ಬ ಚಂದನಕ ಹುಟ್ಟಬಹುದಿತ್ತು. ಆ ರಾತ್ರಿ ಠಾಣೆಗೆ ಹೋಗಿ ಅವನು ವರದಿಯಲ್ಲಿ ಏನು ಬರೆದ? ಹೊಣೆಗಾರಿಕೆಯ ಪ್ರಶ್ನೆಯೆಲ್ಲ ಆ ಕಾಗದದಲ್ಲಿದೆ. ಚಿತ್ರ ಅವನ ಹಿಂದೆ ಹೋಗುವುದಿಲ್ಲ.

ಚಿತ್ರ ಹೋಗುವುದು ಮರುದಿನ ಬೆಳಗ್ಗೆ ಸುಟ್ಟ ಅಂಗಡಿಯ ಮುಂದಕ್ಕೆ. ಅಲ್ಲಿ ಸಾಲ್ ಒಬ್ಬನೇ ಕುಳಿತಿದ್ದಾನೆ. ಮೂಕಿ ವಾರದ ಸಂಬಳ ಕೇಳಲು ಬರುತ್ತಾನೆ! ವಿಮೆಯ ಹಣ ಬರುತ್ತದಲ್ಲ ಎನ್ನುತ್ತಾನೆ ಮೂಕಿ. ಹಣದ ಮಾತಲ್ಲ, ಈ ಅಂಗಡಿಯ ಒಂದೊಂದು ಬಿಲ್ಲೆಯನ್ನೂ ನನ್ನ ಕೈಯಾರೆ ಕೂರಿಸಿದ್ದೆ ಎನ್ನುತ್ತಾನೆ ಸಾಲ್. ಹೇಳಿ, ನೂರರ ನೋಟುಗಳನ್ನು ಮುದುರಿ ಮುದುರಿ ಅವನ ಮೈಮೇಲೆ ಎಸೆಯುತ್ತಾನೆ, ಐದು ನೋಟು. ನನಗೆ ಬರಬೇಕಾದ್ದು ಇನ್ನೂರೈವತ್ತು ಎಂದು ಮೂಕಿ ಎರಡು ನೋಟನ್ನು ಹಿಂದಕ್ಕೆಸೆಯುತ್ತಾನೆ. ಐವತ್ತು ನಾನು ಕೊಡಬೇಕು ಎನ್ನುತ್ತಾನೆ. ಆ ಎರಡು ನೋಟು ಇಬ್ಬರ ನಡುವೆ ನೆಲದ ಮೇಲೆ ಬಿದ್ದಿರುತ್ತವೆ. ಇಬ್ಬರಿಗೂ ಅವು ಬೇಕು. ಇಬ್ಬರಿಗೂ ಬಗ್ಗಲು ಅಭಿಮಾನ ಅಡ್ಡ. ಕೊನೆಗೆ ಬಗ್ಗುವವನು ಮೂಕಿ. ಒಂದು ಹೆಣ, ಒಂದು ಬೂದಿಯ ರಾಶಿ, ಅವುಗಳ ಮುಂದೆ ಐವತ್ತು ಡಾಲರಿನ ಕೊಡುಕೊಳ್ಳುವಿಕೆ. ಇಬ್ಬರೂ ಒಬ್ಬರಿಗೊಬ್ಬರು ಲೆಕ್ಕ ಒಪ್ಪಿಸುತ್ತಿದ್ದಾರೆ. ಒಪ್ಪಿಸಬೇಕಾದ ಮೂರನೆಯವನು ಅಲ್ಲಿ ಇಲ್ಲ. ಅಮೆರಿಕದ ಚಲನಚಿತ್ರಗಳಲ್ಲಿ ಹಣವನ್ನು ಇಷ್ಟು ಅರ್ಥವತ್ತಾಗಿ ನೆಲದ ಮೇಲೆ ಬೀಳಿಸಿದ ದೃಶ್ಯವನ್ನು ನಾನು ಇನ್ನೊಂದು ಕಂಡಿಲ್ಲ.

ಈ ಚಿತ್ರ ತೆಗೆದ ಬೀದಿಗೆ ೨೦೧೫ರಲ್ಲಿ ನ್ಯೂಯಾರ್ಕ್ ನಗರ ಚಿತ್ರದ ಹೆಸರನ್ನೇ ಇಟ್ಟಿತು. ಅಲ್ಲಿ ಪೀಟ್ಸಾ ಅಂಗಡಿಯನ್ನು ಹುಡುಕಿಕೊಂಡು ಹೋಗುವವರಿಗೆ ಅದು ಸಿಗುವುದಿಲ್ಲ. ಖಾಲಿ ನಿವೇಶನದಲ್ಲಿ ಚಿತ್ರೀಕರಣಕ್ಕಾಗಿ ಕಟ್ಟಿದ್ದದು. ಚಿತ್ರದಲ್ಲಿ ಒಂದೆರಡು ನಿಮಿಷ ಮಾತ್ರ ಬಂದುಹೋಗುವ ಒಂದು ಪಾತ್ರವಿದೆ: ಸೈಕಲ್ಲು ತಳ್ಳಿಕೊಂಡು ಬರುವ ಬಿಳಿಯ ತರುಣ, ಆ ಬೀದಿಯಲ್ಲಿ ಹೊಸದಾಗಿ ಮನೆ ಕೊಂಡವನು. ಬಗ್ಗಿನ್ ಔಟ್‌ನ ಹೊಸ ಬೂಟು ತುಳಿದು ಬೈಸಿಕೊಳ್ಳುತ್ತಾನೆ, ಜನ ನಗುತ್ತಾರೆ, ಅವನು ಮೆಟ್ಟಿಲು ಹತ್ತಿ ಒಳಗೆ ಹೋಗುತ್ತಾನೆ. ೧೯೮೯ರಲ್ಲಿ ಅವನು ಹಾಸ್ಯಪಾತ್ರ. ಆ ಬಡಾವಣೆಯಲ್ಲಿ ಇಂದು ಮನೆಯ ಬೆಲೆ, ಮಳಿಗೆಯ ಬಾಡಿಗೆ ಎಲ್ಲಿಗೆ ಏರಿವೆಯೆಂದು ಬಲ್ಲವರು ಚಿತ್ರವನ್ನು ನೋಡುವಾಗ ಆ ದೃಶ್ಯದಲ್ಲಿ ಮೊದಲಿನಷ್ಟು ನಗುವುದಿಲ್ಲ.